ಅಲೆಯಿಲ್ಲದ ಜಾಗ ಹುಡುಕಿ ನೀರಿಗಿಳಿಯುವವರಿಗಾಗಿ

ಮಾನ್ಯ ಸಂಪಾದಕರಿಗೆ,

ನಮಸ್ಕಾರ. ರಜೆಯ ದಿನಗಳು ಬಂದವೆಂದರೆ ಸಮುದ್ರಕ್ಕಿಳಿದವರು ಮುಳುಗಿ ಸತ್ತ ಸುದ್ದಿ ಪತ್ರಿಕೆಗಳಲ್ಲಿ ಬಂದೇ ಬರುತ್ತದೆ. ಭಾರೀ ಅಲೆಗೆ ಕೊಚ್ಚಿಹೋದರು ಎಂದು ಎರಡು ಸಾಲು, ತೀರಿಕೊಂಡವರ ಹೆಸರು, ವಯಸ್ಸು, ಠಾಣೆಯಲ್ಲಿ ಪ್ರಕರಣ ದಾಖಲಾಗಿದೆ ಎಂಬ ಕೊನೆಯ ವಾಕ್ಯ. ಅಲ್ಲಿಗೆ ಸುದ್ದಿ ಮುಗಿಯಿತು. ನಾನು ಕಡಲತೀರದಲ್ಲಿ ಲೈಫ್‌ಗಾರ್ಡ್ ಆಗಿ ದುಡಿದು ನಿವೃತ್ತನಾದವನು. ಅಂಥ ಸುದ್ದಿ ಓದುವಾಗಲೆಲ್ಲ ನನ್ನ ಮನಸ್ಸು ಹುಡುಕುವುದು ಅದರಲ್ಲಿ ಇಲ್ಲದ ಸಂಗತಿಗಳನ್ನು. ಅವರು ಇಳಿದ ಕಡೆ ಅಲೆ ಒಡೆಯುತ್ತಿತ್ತೇ? ಆಗ ಉಬ್ಬರವಿತ್ತೇ, ಇಳಿತವಿತ್ತೇ? ಕಾವಲು ಇತ್ತೇ? ಮೊದಲು ಸಿಕ್ಕಿಕೊಂಡವರು ಯಾರು, ಅವರನ್ನು ಹಿಡಿಯಲು ಧುಮುಕಿದವರು ಯಾರು? ಇಷ್ಟು ಬರೆದರೆ ಸಾಕು, ಮುಂದಿನ ವಾರ ಅದೇ ಮರಳಿನ ಮೇಲೆ ಚಪ್ಪಲಿ ಬಿಡುವವನಿಗೆ ಒಂದು ತಿಳಿವಳಿಕೆ ಸಿಗುತ್ತದೆ. ಅದನ್ನು ಕೇಳಿಕೊಳ್ಳಲೆಂದೇ ಈ ಪತ್ರ.

ಒಡೆದ ಅಲೆ ಮನುಷ್ಯನನ್ನು ನೂಕುವುದು ದಡದ ಕಡೆಗೆ. ಬೀಳಿಸುತ್ತದೆ, ಉರುಳಿಸುತ್ತದೆ, ಮೂಗು ಬಾಯಿಗೆಲ್ಲ ಮರಳು ತುಂಬಿಸುತ್ತದೆ, ಕೆಲವೊಮ್ಮೆ ಕತ್ತಿನ ಮೂಳೆಯನ್ನೂ ಮುರಿಯುತ್ತದೆ. ಆದರೆ ಹೆಚ್ಚಿನ ಸಲ ಜನರನ್ನು ಆಳಕ್ಕೆ ಒಯ್ಯುವುದು ಅದಲ್ಲ, ನೀರಿನ ಸೆಳೆತ. ಒಂದರ ಹಿಂದೆ ಒಂದು ಅಲೆ ಬಂದು ದಡಕ್ಕೆ ಸುರಿದ ನೀರು ವಾಪಸ್ ಹೋಗಲೇಬೇಕಲ್ಲ? ದಡದಿಂದ ಸ್ವಲ್ಪ ಆಚೆಗೆ ನೀರಿನಡಿಯಲ್ಲಿ ಮರಳಿನ ದಿಬ್ಬಗಳು ಇರುತ್ತವೆ. ಆ ದಿಬ್ಬಗಳ ನಡುವೆ ಎಲ್ಲಿ ತಗ್ಗು ಸಿಗುತ್ತದೋ ಆ ದಾರಿಯಲ್ಲಿ ನೀರೆಲ್ಲ ಒಟ್ಟುಗೂಡಿ ಹೊರಗೆ ಓಡುತ್ತದೆ. ರಿಪ್ ಕರೆಂಟ್ ಎನ್ನುವುದು ಇದಕ್ಕೇ. ಅಮೆರಿಕದ ಸಾಗರ ಮತ್ತು ಹವಾಮಾನ ಸಂಸ್ಥೆಯ ಪ್ರಕಾರ ಇದರ ವೇಗ ಸಾಮಾನ್ಯವಾಗಿ ಸೆಕೆಂಡಿಗೆ 1ರಿಂದ 2 ಅಡಿ, ಜೋರಾದಾಗ 8 ಅಡಿಯವರೆಗೂ ಹೋಗುತ್ತದೆ. ಒಲಿಂಪಿಕ್ಸ್‌ನಲ್ಲಿ ಈಜುವವನು ಕೂಡ ಅದಕ್ಕೆ ಎದುರಾಗಿ ಕೈ ಬೀಸಿ ಗೆಲ್ಲಲಾರ. ಆ ದೇಶದ ಅಲೆಯೇಳುವ ತೀರಗಳಲ್ಲಿ ಲೈಫ್‌ಗಾರ್ಡ್‌ಗಳು ನಡೆಸುವ ರಕ್ಷಣೆಗಳಲ್ಲಿ ಶೇ 80ಕ್ಕೂ ಹೆಚ್ಚು ಪ್ರಕರಣಗಳಿಗೆ ಈ ಸೆಳೆತವೇ ಕಾರಣ.

ಸಂಪಾದಕರೇ, ಇಲ್ಲಿಯೇ ಇರುವುದು ದೊಡ್ಡ ಅಪಾಯ. ತಗ್ಗಿನಲ್ಲಿ ನೀರು ಆಳ. ಆಳವಿದ್ದ ಕಡೆ ಅಲೆ ಒಡೆಯುವುದು ಕಡಿಮೆ. ಹಾಗಾಗಿ ಎರಡೂ ಬದಿ ಬೆಳ್ಳನೆ ನೊರೆ ಎದ್ದು ಭೋರ್ಗರೆಯುತ್ತಿದ್ದರೆ ನಡುವಿನ ಒಂದು ಪಟ್ಟಿ ಮಾತ್ರ ತಣ್ಣಗೆ, ತುಸು ಕಪ್ಪಾಗಿ ಕಾಣುತ್ತದೆ. ಮಕ್ಕಳನ್ನು ಕರೆತಂದ ತಂದೆ ತಾಯಿ ಏನು ಮಾಡುತ್ತಾರೆ? ಅಲೆ ಜೋರಿರುವ ಕಡೆ ಬೇಡ ಎಂದು ಮಗುವಿನ ಕೈ ಹಿಡಿದು ಅದೇ ಪಟ್ಟಿಯ ಬಳಿಗೆ ನಡೆದು ಬರುತ್ತಾರೆ. ಅವರ ಪ್ರೀತಿಯಲ್ಲಿ ಕೊರತೆಯಿಲ್ಲ, ಎಚ್ಚರಿಕೆಯಲ್ಲೂ ಕೊರತೆಯಿಲ್ಲ. ನೀರನ್ನು ಹೇಗೆ ನೋಡಬೇಕೆಂದು ಅವರಿಗೆ ಯಾರೂ ಹೇಳಿಕೊಟ್ಟಿಲ್ಲ, ಅಷ್ಟೇ. ಗೋಪುರದ ಮೇಲೆ ಕುಳಿತು ನಾನು ಎಲ್ಲಕ್ಕಿಂತ ಹೆಚ್ಚು ಸೀಟಿ ಊದಿದ್ದು ಇಂಥ ಮನೆಮಂದಿಗೆ. ಕೆಳಗಿಳಿದು ಹೋಗಿ ವಿವರಿಸಿದರೆ, ‘ಇಲ್ಲಿ ಅಲೆಯೇ ಇಲ್ಲವಲ್ಲ ಸಾರ್’ ಎಂಬ ಒಂದೇ ಉತ್ತರ. ಅಲೆ ಇಲ್ಲ ಎಂಬುದಕ್ಕಾಗಿಯೇ ನಾನು ಅಲ್ಲಿಗೆ ಓಡಿಬಂದಿರುತ್ತಿದ್ದೆ.

ಒಬ್ಬ ತಾಯಿಯನ್ನು ಪಕ್ಕಕ್ಕೆ ಕರೆದು, ನೀರಿನ ಮೇಲಿನ ನೊರೆಯ ಒಂದು ತುಣುಕು ತೋರಿಸಿ ಅದನ್ನೇ ನೋಡುತ್ತಿರಿ ಎಂದೆ. ಎರಡೂ ಪಕ್ಕದ ನೊರೆ ದಡಕ್ಕೆ ಬಂದು ಕರಗುತ್ತಿತ್ತು. ಆ ತುಣುಕು ಮಾತ್ರ ನಮಗೆ ಬೆನ್ನು ಮಾಡಿ ಹೊರಟಿತು. ಜೊತೆಗೆ ಒಂದು ಒಣ ಎಲೆ, ಸ್ವಲ್ಪ ಪಾಚಿ. ನಾವು ನೋಡುತ್ತಿದ್ದಂತೆಯೇ ಅಲೆಗಳ ಸಾಲನ್ನು ದಾಟಿ, ಆಚೆ ಕಡೆ ಅಣಬೆಯ ಕೊಡೆಯಂತೆ ಹರಡಿದ ಕೆಸರು ನೀರಿನಲ್ಲಿ ಸೇರಿಹೋಯಿತು. ಆಕೆ ಮಗುವನ್ನು ಎತ್ತಿಕೊಂಡರು. ಮತ್ತೆ ನಾನೇನೂ ಹೇಳಬೇಕಾಗಲಿಲ್ಲ.

ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದಲ್ಲಿ ಕಡಲತೀರಗಳನ್ನು ಅಧ್ಯಯನ ಮಾಡುವ ರಾಬ್ ಬ್ರ್ಯಾಂಡರ್ ಎಂಬ ವಿಜ್ಞಾನಿ ಇದನ್ನೇ ದೊಡ್ಡದಾಗಿ ಮಾಡಿ ತೋರಿಸುತ್ತಾರೆ. ಅಪಾಯವಿಲ್ಲದ ನೇರಳೆ ಬಣ್ಣವನ್ನು ದಡದ ಹತ್ತಿರದ ನೀರಿಗೆ ಸುರಿಯುತ್ತಾರೆ, ಅದು ಸೆಳೆತದ ಜೊತೆ ಗೆರೆ ಎಳೆದ ಹಾಗೆ ಸಮುದ್ರಕ್ಕೆ ಹೋಗುವುದನ್ನು ಜನ ಕಣ್ಣಾರೆ ನೋಡುತ್ತಾರೆ. ಮೇಲಿನಿಂದ ತೆಗೆದ ಅಂಥದೊಂದು ಚಿತ್ರ ರಜೆ ಶುರುವಾಗುವ ಮುಂಚೆ ತಮ್ಮ ಮುಖಪುಟದಲ್ಲಿ ಬರಲಿ. ನಾನು ಆಯುಷ್ಯವಿಡೀ ಊದಿದ ಸೀಟಿಗಿಂತ ಅದು ಹೆಚ್ಚು ಜನರನ್ನು ತಡೆಯುತ್ತದೆ.

ತೀರಕ್ಕೆ ಬಂದವರಲ್ಲಿ ನಾನು ಬೇಡಿಕೊಳ್ಳುವುದು ಬಹಳ ಸಣ್ಣದು. ಬಂದ ಕೂಡಲೇ ಇಳಿಯಬೇಡಿ. ಎತ್ತರದ ಮರಳಿನ ಮೇಲೆ ಹತ್ತು ನಿಮಿಷ ಕುಳಿತು ನೀರನ್ನಷ್ಟೇ ನೋಡಿ. ಸಮುದ್ರದಲ್ಲಿ ದೊಡ್ಡ ಅಲೆಗಳು ಗುಂಪುಗುಂಪಾಗಿ ಬರುತ್ತವೆ, ನಡುವೆ ಕೆಲವು ನಿಮಿಷ ಬಿಡುವು ಇರುತ್ತದೆ. ಬಿಡುವಿನಲ್ಲಿ ಬಂದವನಿಗೆ ಸಮುದ್ರ ಸಾಧುವಾಗಿ ಕಾಣುತ್ತದೆ. ಬಂಡೆಯ ತುದಿಗೆ ಹೋಗಿ ಫೋಟೊ ತೆಗೆಸಿಕೊಳ್ಳುವವರು ಜೀವ ಕಳೆದುಕೊಳ್ಳುವುದು ಹೀಗೆಯೇ. ಬಂಡೆ ಒದ್ದೆಯಾಗಿದ್ದರೆ, ಅದರ ಮೇಲೆ ಹಸಿರು ಪಾಚಿ ಇದ್ದರೆ, ನೀರು ಅಲ್ಲಿವರೆಗೆ ಬರುತ್ತದೆ ಎಂದೇ ಅರ್ಥ. ಈಗ ಕಾಣುತ್ತಿಲ್ಲ ಎಂದರೆ ಮುಂದಿನ ಗುಂಪು ಇನ್ನೂ ದಾರಿಯಲ್ಲಿದೆ.

ಇಳಿತದ ಹೊತ್ತಿನಲ್ಲಿ ಹೆಚ್ಚಿನ ಎಚ್ಚರ ಬೇಕು. ನೀರು ತಗ್ಗಿದಾಗ ದಿಬ್ಬಗಳ ಮೇಲೆ ಹರಿಯಲು ಜಾಗ ಸಾಲದೆ ತಗ್ಗಿನ ದಾರಿಯಲ್ಲೇ ನೀರು ನುಗ್ಗುತ್ತದೆ, ಸೆಳೆತ ಬಲವಾಗುತ್ತದೆ. ಉಬ್ಬರವಿಳಿತದ ಹೊತ್ತು ದಿನದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುವುದರಿಂದ, ನಿನ್ನೆ ಇದೇ ಸಮಯಕ್ಕೆ ಇದೇ ಜಾಗದಲ್ಲಿ ಆಡಿದ್ದೆವಲ್ಲ ಎಂಬ ಲೆಕ್ಕವನ್ನೂ ನಂಬಿಕೊಳ್ಳುವಂತಿಲ್ಲ. ಮರಳಿನ ದಿಬ್ಬಗಳೂ ಒಂದು ಬಿರುಗಾಳಿಗೆ ಜಾಗ ಬದಲಿಸುತ್ತವೆ.

ಗಾಳಿ ತುಂಬಿದ ತೇಲುವ ಆಟಿಕೆಗಳ ಬಗ್ಗೆಯೂ ಹೇಳಬೇಕು. ನೆಲದ ಕಡೆಯಿಂದ ಸಮುದ್ರದತ್ತ ಗಾಳಿ ಬೀಸುವ ದಿನ ದಡದಲ್ಲಿ ನೀರು ಕೊಳದಂತೆ ಸಪಾಟಾಗಿರುತ್ತದೆ. ಮಕ್ಕಳಿಗೆ ಇದೇ ಒಳ್ಳೆಯ ದಿನ ಎಂದುಕೊಂಡು ಅವರನ್ನು ಆಟಿಕೆಯ ಮೇಲೆ ಕೂರಿಸಿ ಬಿಡುತ್ತಾರೆ. ಅದೇ ಗಾಳಿ ಆ ಆಟಿಕೆಯನ್ನು ದೊಡ್ಡವರು ಈಜಿ ಹಿಡಿಯಲಾಗದ ವೇಗದಲ್ಲಿ ಹೊರಗೆ ಒಯ್ಯುತ್ತದೆ. ದಡದ ಬಾವುಟ ಯಾವ ಕಡೆ ಹಾರುತ್ತಿದೆ ಎಂದು ಒಮ್ಮೆ ತಲೆಯೆತ್ತಿ ನೋಡಿದರೆ ಸಾಕು.

ಬಾವುಟ ಎಂದ ಮೇಲೆ ಅದರ ವಿಷಯವೂ ಬರಲಿ. ಬಹಳಷ್ಟು ದೇಶಗಳಲ್ಲಿ ಅರ್ಧ ಕೆಂಪು, ಅರ್ಧ ಹಳದಿಯ ಎರಡು ಬಾವುಟ ನೆಟ್ಟಿದ್ದರೆ ಅವುಗಳ ನಡುವಿನ ನೀರಿನ ಮೇಲೆ ಲೈಫ್‌ಗಾರ್ಡ್‌ನ ಕಣ್ಣಿದೆ ಎಂದರ್ಥ. ಒಂದೇ ಕೆಂಪು ಬಾವುಟವಿದ್ದರೆ ಅಪಾಯ ಹೆಚ್ಚು, ಎರಡು ಕೆಂಪು ಬಾವುಟವಿದ್ದರೆ ನೀರಿಗೆ ಇಳಿಯುವಂತೆಯೇ ಇಲ್ಲ. ಬಾವುಟವೇ ಇಲ್ಲದ ತೀರವೆಂದರೆ ಅಪಾಯವಿಲ್ಲದ ತೀರವಲ್ಲ, ನೋಡಿಕೊಳ್ಳುವವರಿಲ್ಲದ ತೀರ. ಜನ ಇದನ್ನು ತಿರುವು ಮುರುವಾಗಿ ಅರ್ಥ ಮಾಡಿಕೊಂಡು, ಗದ್ದಲ ಬೇಡವೆಂದು ಅರ್ಧ ಕಿಲೋಮೀಟರ್ ನಡೆದುಹೋಗಿ ಯಾರೂ ಇಲ್ಲದ ಕಡೆ ಇಳಿಯುತ್ತಾರೆ.

ಸಿಕ್ಕಿಕೊಂಡರೆ ಏನು ಮಾಡಬೇಕು ಎಂಬುದು ಎಲ್ಲರೂ ಕೇಳುವ ಪ್ರಶ್ನೆ. ಸೆಳೆತ ನಿಮ್ಮನ್ನು ಕೆಳಕ್ಕೆ ಎಳೆಯುವುದಿಲ್ಲ, ಹೊರಕ್ಕೆ ಒಯ್ಯುತ್ತದೆ. ಇದನ್ನು ಮಾತ್ರ ಯಾರೂ ಮರೆಯಬಾರದು. ಮುಳುಗಿಸುವುದು ಅದರ ವಿರುದ್ಧ ಈಜಿ ಈಜಿ ಬರುವ ಸುಸ್ತು ಮತ್ತು ಗಾಬರಿ. ಮೊದಲು ಬೆನ್ನ ಮೇಲೆ ತೇಲಿ, ಉಸಿರು ಹಿಡಿತಕ್ಕೆ ಬರಲಿ, ಒಂದು ಕೈ ಎತ್ತಿ ಸನ್ನೆ ಮಾಡಿ. ಈಜಲು ಶಕ್ತಿಯಿದ್ದರೆ ದಡಕ್ಕೆ ನೇರ ಬೇಡ, ದಡದ ಉದ್ದಕ್ಕೆ ಪಕ್ಕಕ್ಕೆ ಸರಿಯುತ್ತಾ ಅಲೆ ಒಡೆಯುವ ಬೆಳ್ಳನೆಯ ನೊರೆಯ ಕಡೆಗೆ ಹೋಗಿ. ಅಲ್ಲಿ ಅಲೆಯೇ ನಿಮ್ಮನ್ನು ದಡಕ್ಕೆ ತರುತ್ತದೆ. ಒಂದು ಕಡೆ ಸರಿಯಲು ಆಗದಿದ್ದರೆ ಇನ್ನೊಂದು ಕಡೆ. ಜಿಪಿಎಸ್ ಅಳವಡಿಸಿದ ತೇಲು ಸಾಧನಗಳನ್ನು ಸೆಳೆತಕ್ಕೆ ಬಿಟ್ಟು ನಡೆಸಿದ, 2010ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಹೆಚ್ಚಿನವು ದೂರ ಸಮುದ್ರಕ್ಕೆ ಹೋಗದೆ ಸುತ್ತು ಹೊಡೆದು ಅಲೆಗಳ ವಲಯಕ್ಕೇ ಮರಳಿದ್ದವು. ಎಲ್ಲ ತೀರದಲ್ಲೂ ಹೀಗೇ ಆಗುತ್ತದೆ ಎಂದೇನೂ ಇಲ್ಲ. ಆದರೆ ತೇಲುವವನಿಗೆ ಕಾಲಾವಕಾಶವಿದೆ, ಸೆಣಸುವವನಿಗೆ ಇಲ್ಲ.

ಈಜು ಬಲ್ಲೆ ಎಂಬ ಧೈರ್ಯದಲ್ಲಿ ಇಳಿಯುವ ಯುವಕರಿಗೆ ನಾನು ಒಂದು ಘಟನೆ ಹೇಳುತ್ತಿದ್ದೆ. ಆಸ್ಟ್ರೇಲಿಯಾದ ಪ್ರಧಾನಿಯಾಗಿದ್ದ ಹೆರಾಲ್ಡ್ ಹೋಲ್ಟ್ ಸಮುದ್ರದಲ್ಲಿ ಈಜಿ, ಡೈವ್ ಮಾಡಿ ಅಭ್ಯಾಸವಿದ್ದವರು. ಚೆವಿಯಟ್ ಬೀಚ್ ಅವರಿಗೆ ಹೊಸದೇನಲ್ಲ. 1967ರ ಡಿಸೆಂಬರ್ 17ರಂದು ಅಲ್ಲಿ ನೀರಿಗಿಳಿದವರು ಮತ್ತೆ ಕಾಣಿಸಲೇ ಇಲ್ಲ. ದೇಶದ ಪ್ರಧಾನಿಗಾಗಿ ಎಷ್ಟು ದೊಡ್ಡ ಶೋಧ ನಡೆದಿರಬಹುದು ಊಹಿಸಿ, ದೇಹ ಸಿಗಲಿಲ್ಲ. ಈಜುಕೊಳದಲ್ಲಿ ಕಲಿತ ಈಜು ಒಳ್ಳೆಯದೇ, ಎಲ್ಲ ಮಕ್ಕಳಿಗೂ ಕಲಿಸಲೇಬೇಕು. ಆದರೆ ಕೊಳದಲ್ಲಿ ನೀರು ನಿಂತಿರುತ್ತದೆ.

ಇನ್ನು ಮುಳುಗುವವರ ವಿಷಯ. ಮುಳುಗುತ್ತಿರುವವರು ಕೈಬೀಸಿ ಕೂಗುತ್ತಾರೆ ಎಂದೇ ಎಲ್ಲರ ನಂಬಿಕೆ. ಕೂಗಲು ಉಸಿರು ಬೇಕು, ಅವರ ಬಾಯಿ ನೀರಿನಿಂದ ಮೇಲೆ ಬರುವ ಅರೆಕ್ಷಣ ಉಸಿರೆಳೆದುಕೊಳ್ಳಲಿಕ್ಕೇ ಸಾಲುವುದಿಲ್ಲ. ನ್ಯೂಯಾರ್ಕಿನಲ್ಲಿ ಲೈಫ್‌ಗಾರ್ಡ್ ಆಗಿದ್ದ ಫ್ರಾನ್ಸೆಸ್ಕೊ ಪಿಯಾ ಅವರು ತೀರದಲ್ಲಿ ನಡೆದ ನಿಜವಾದ ರಕ್ಷಣೆಗಳನ್ನು ಕ್ಯಾಮೆರಾದಲ್ಲಿ ಸೆರೆಹಿಡಿದು, ನೋಡಿ ನೋಡಿ ಈ ಲಕ್ಷಣಗಳನ್ನು ಗುರುತಿಸಿದರು. ತಲೆ ಹಿಂದಕ್ಕೆ ವಾಲಿರುತ್ತದೆ. ಬಾಯಿ ನೀರಿನ ಮಟ್ಟಕ್ಕಿರುತ್ತದೆ. ಕಣ್ಣ ಮೇಲೆ ಬಿದ್ದ ಕೂದಲನ್ನು ಸರಿಸಲೂ ಕೈ ಬರುವುದಿಲ್ಲ, ಕೈಗಳು ಎರಡು ಬದಿಗೆ ಚಾಚಿ ನೀರನ್ನು ಕೆಳಗೆ ಒತ್ತುತ್ತಿರುತ್ತವೆ. ದೇಹ ನೆಟ್ಟಗೆ ನಿಂತಿರುತ್ತದೆ, ಕಾಲು ಆಡುವುದಿಲ್ಲ. ದಡದಿಂದ ನೋಡಿದವರಿಗೆ ಆಕಾಶ ನೋಡುತ್ತಾ ನಿಂತ ಹಾಗೆ ಕಾಣುತ್ತದೆ. ಇದು ನಡೆಯುವುದು 20ರಿಂದ 60 ಸೆಕೆಂಡ್ ಮಾತ್ರ, ಆಮೇಲೆ ತಲೆ ಮೇಲೆ ಬರುವುದಿಲ್ಲ. ಮಗು ನೀರಿನಲ್ಲಿದ್ದಾಗ ತಾಯಿ ಮೊಬೈಲಿನಲ್ಲಿ ಒಂದು ಸಂದೇಶ ಓದಿ ಉತ್ತರ ಬರೆಯುವಷ್ಟು ಹೊತ್ತು. ಸದ್ದು ಮಾಡುತ್ತಾ ಆಡುವ ಮಗುವಿನ ಬಗ್ಗೆ ನನಗೆ ಎಂದೂ ಭಯವಿರಲಿಲ್ಲ. ಸದ್ದು ನಿಂತ ಕೂಡಲೇ ಎದ್ದು ನಿಲ್ಲುತ್ತಿದ್ದೆ.

ನನ್ನನ್ನು ಇಂದಿಗೂ ಕಾಡುವ ಸಾವುಗಳು ಎರಡನೆಯವರವು. ತಮ್ಮನನ್ನು ಹಿಡಿಯಲು ಹೋದ ಅಣ್ಣ, ಮಗಳನ್ನು ಹಿಡಿಯಲು ಹೋದ ಅಪ್ಪ, ಗೆಳೆಯನಿಗಾಗಿ ಪ್ಯಾಂಟು ಸಮೇತ ಧುಮುಕಿದ ಹುಡುಗ. ಮೊದಲು ಸಿಕ್ಕಿಕೊಂಡವನು ಎಷ್ಟೋ ಸಲ ಬದುಕಿ ಬರುತ್ತಾನೆ, ಹೋದವನು ಬರುವುದಿಲ್ಲ. ಗಾಬರಿಯಲ್ಲಿರುವ ಮನುಷ್ಯ ಕೈಗೆ ಸಿಕ್ಕವನನ್ನೇ ಏಣಿ ಮಾಡಿಕೊಂಡು ಹತ್ತುತ್ತಾನೆ, ಅವನ ತಪ್ಪಲ್ಲ ಅದು. ಆದ್ದರಿಂದ ಕೈ ಮುಗಿದು ಹೇಳುತ್ತೇನೆ: ಬರಿಗೈಯಲ್ಲಿ ಹೋಗಬೇಡಿ. ಲೈಫ್‌ಗಾರ್ಡ್‌ನನ್ನು ಕರೆಯಿರಿ, ತುರ್ತು ನೆರವಿಗೆ ಫೋನ್ ಮಾಡಿಸಿ, ಒಬ್ಬರು ಕಣ್ಣು ತೆಗೆಯದೆ ಆ ತಲೆಯನ್ನೇ ನೋಡುತ್ತಾ ಬೆರಳು ತೋರಿಸುತ್ತಾ ನಿಲ್ಲಿ. ತೇಲುವಂಥದ್ದು ಏನಿದ್ದರೂ ಎಸೆಯಿರಿ. ಒಮ್ಮೆ ಇಬ್ಬರು ಅಕ್ಕತಂಗಿಯರು ಸಿಕ್ಕಿಕೊಂಡಾಗ, ನಾನು ಓಡಿ ತಲುಪುವ ಮುಂಚೆಯೇ ದಡದಲ್ಲಿದ್ದ ಅಪರಿಚಿತರೊಬ್ಬರು ದೊಡ್ಡ ನೀರಿನ ಕ್ಯಾನ್ ಖಾಲಿ ಮಾಡಿ, ಮುಚ್ಚಳ ಬಿಗಿದು, ಸೊಂಟದ ನೀರಿನಲ್ಲಿ ನಿಂತು ಸೆಳೆತಕ್ಕೆ ಬಿಟ್ಟರು. ಹುಡುಗಿಯರನ್ನು ಒಯ್ದ ನೀರೇ ಆ ಕ್ಯಾನನ್ನೂ ಅವರ ಬಳಿಗೆ ಒಯ್ದಿತು. ನಾನು ಟ್ಯೂಬ್ ಹಿಡಿದು ತಲುಪಿದಾಗ ಇಬ್ಬರೂ ಅದನ್ನು ಎದೆಗವಚಿ ತೇಲುತ್ತಿದ್ದರು. ಆ ಮನುಷ್ಯನಿಗೆ ಈಜು ಬರುತ್ತಿರಲಿಲ್ಲ.

ಮೇಲೆ ತಂದ ಮೇಲೂ ನೋಡಬಾರದ್ದನ್ನು ನೋಡಿದ್ದೇನೆ. ಕಾಲು ಹಿಡಿದು ತಲೆಕೆಳಗು ಮಾಡುತ್ತಾರೆ, ಹೊಟ್ಟೆ ಒತ್ತಿ ನೀರು ತೆಗೆಯಲು ನೋಡುತ್ತಾರೆ. ಅದು ಬೇಡ. ಹೊಟ್ಟೆಯಲ್ಲಿರುವುದು ಬಾಯಿಗೆ ಬಂದು ಉಸಿರಿನ ದಾರಿಗೆ ಹೋಗುತ್ತದೆ, ಅಮೂಲ್ಯ ನಿಮಿಷಗಳೂ ಹೋಗುತ್ತವೆ. ಉಸಿರಿಲ್ಲದಿದ್ದರೆ ಬಾಯಿಗೆ ಬಾಯಿ ಕೊಟ್ಟು ಉಸಿರು ತುಂಬುವುದರಿಂದಲೇ ಶುರು ಮಾಡಿ, ಎದೆ ಒತ್ತುವುದನ್ನು ಸೇರಿಸಿ, ಆಂಬುಲೆನ್ಸ್ ಬರುವವರೆಗೆ ನಿಲ್ಲಿಸಬೇಡಿ. ಎದ್ದು ಕುಳಿತು ಮಾತಾಡಿದರೂ, ಕೆಮ್ಮು ನಿಲ್ಲದವರನ್ನು ಆಸ್ಪತ್ರೆಗೆ ತೋರಿಸಲೇಬೇಕು.

ನೀರಿಗೇ ಇಳಿಯದವರಿಗೂ ಒಂದು ಮಾತು. ಮಕ್ಕಳು ಮರಳಿನಲ್ಲಿ ಆಳದ ಗುಂಡಿ ತೋಡಿ ಅದರೊಳಗೆ ಇಳಿಯುತ್ತಾರೆ, ದೊಡ್ಡವರು ನಿಂತು ನಗುತ್ತಾರೆ. ಅಂಚು ಕುಸಿದರೆ ಗುಂಡಿ ಇದ್ದ ಗುರುತೂ ಉಳಿಯುವುದಿಲ್ಲ, ಎಲ್ಲಿ ಅಗೆಯಬೇಕೆಂದೇ ತಿಳಿಯುವುದಿಲ್ಲ. 2007ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಬಂದ ವರದಿ ಹತ್ತು ವರ್ಷಗಳ ಅವಧಿಯ ಇಂಥ 52 ಪ್ರಕರಣಗಳನ್ನು ಕಲೆಹಾಕಿತ್ತು. ಅವುಗಳಲ್ಲಿ 31 ಜನ ಸತ್ತಿದ್ದರು, ಹೆಚ್ಚಿನವರು ಎಳೆಯರು. ಅಲ್ಲಿರುವ ಅತಿ ಗಿಡ್ಡ ಮಗುವಿನ ಮೊಣಕಾಲಿಗಿಂತ ಆಳ ಬೇಡ. ಹೊರಡುವಾಗ ಗುಂಡಿ ಮುಚ್ಚಿ, ಕತ್ತಲಲ್ಲಿ ನಡೆಯುವವರ ಕಾಲಿಗೂ, ಮೊಟ್ಟೆಯಿಡಲು ಬರುವ ಆಮೆಗೂ ಅದು ಬಲೆಯಾಗಬಾರದು.

ಕಾವಲು ಇದ್ದರೆ ಏನು ವ್ಯತ್ಯಾಸ ಎನ್ನುವ ಅಧಿಕಾರಿಗಳಿಗೆ ಸಿಡ್ನಿಯ ಬಾಂಡೈ ತೀರದ ಒಂದು ಮಧ್ಯಾಹ್ನ ನೆನಪಿಸುತ್ತೇನೆ. 1938ರ ಫೆಬ್ರವರಿ 6, ಭಾನುವಾರ. ಒಂದರ ಬೆನ್ನಿಗೊಂದು ಬಂದ ದೊಡ್ಡ ಅಲೆಗಳ ನೀರು ಒಟ್ಟಿಗೆ ಹಿಂದೆ ಸರಿದು ನೂರಾರು ಜನರನ್ನು ಒಮ್ಮೆಲೇ ಆಳಕ್ಕೆ ಒಯ್ದಿತು. ಜೀವರಕ್ಷಕರ ಸಂಘದವರು ಅಂದು ದೊಡ್ಡ ಸಂಖ್ಯೆಯಲ್ಲಿ ಅಲ್ಲೇ ಇದ್ದರು. ಸುಮಾರು 250 ಜನರನ್ನು ಎಳೆದು ತಂದರು. ಸತ್ತವರು ಐವರು. ಕಾವಲಿಲ್ಲದ ತೀರದಲ್ಲಿ ಇದೇ ನಡೆದಿದ್ದರೆ ಎಂದು ಯೋಚಿಸಲೂ ಮನಸ್ಸು ಬರುವುದಿಲ್ಲ. ಜನ ಸೇರುವ ತೀರಗಳಲ್ಲಿ ಲೈಫ್‌ಗಾರ್ಡ್‌ಗಳ ಪಾಳಿ ಕಚೇರಿಯ ಹೊತ್ತಿಗೆ ತಕ್ಕಂತೆ ಇರಬಾರದು, ಜನ ಇರುವ ಹೊತ್ತಿಗೆ ತಕ್ಕಂತೆ ಇರಬೇಕು. ಅವರಿಗೆ ಕೊಡುವ ಟ್ಯೂಬ್ ತೂತಾಗಿರಬಾರದು, ಸಂಬಳ ತಿಂಗಳುಗಟ್ಟಲೆ ತಡವಾಗಬಾರದು. ಹೊಟ್ಟೆಪಾಡಿನ ಚಿಂತೆಯಲ್ಲಿರುವ ಕಣ್ಣು ನೀರಿನ ಮೇಲೆ ನಿಲ್ಲುವುದು ಕಷ್ಟ.

ತಿಳಿವಳಿಕೆ ಕೊಟ್ಟರೆ ಕೇಳುವವರು ಯಾರು ಎಂದು ಕೆಲವರು ನನ್ನ ಬಳಿ ವಾದಿಸಿದ್ದಾರೆ. ಕೇಳುವವರಿದ್ದಾರೆ, ಅದರಲ್ಲೂ ಮಕ್ಕಳು. 2004ರ ಡಿಸೆಂಬರ್ 26ರಂದು ಥಾಯ್ಲೆಂಡಿನ ಫುಕೆಟ್‌ನ ಮಾಯ್ ಖಾವ್ ತೀರದಲ್ಲಿದ್ದ ಟಿಲ್ಲಿ ಸ್ಮಿತ್ ಎಂಬ ಹತ್ತು ವರ್ಷದ ಇಂಗ್ಲಿಷ್ ಹುಡುಗಿಗೆ ನೀರು ನೊರೆಗಟ್ಟಿ ವಿಚಿತ್ರವಾಗಿ ಚಲಿಸುತ್ತಿರುವುದು ಕಂಡಿತು. ಸುನಾಮಿಗೆ ಮುನ್ನ ಹೀಗಾಗುತ್ತದೆ ಎಂದು ಕೆಲವೇ ವಾರಗಳ ಹಿಂದೆ ಭೂಗೋಳದ ತರಗತಿಯಲ್ಲಿ ಕಲಿತಿದ್ದಳು. ಹಟ ಹಿಡಿದು ತಂದೆ ತಾಯಿಗೆ ಹೇಳಿದಳು, ಅವರು ಉಳಿದವರಿಗೆ ಹೇಳಿದರು, ತೀರ ಖಾಲಿಯಾಯಿತು. ಅಲ್ಲಿದ್ದ ಸುಮಾರು ನೂರು ಜನ ಉಳಿದರು. ಒಬ್ಬ ಮೇಷ್ಟ್ರ ಒಂದು ಪಾಠದ ಫಲ ಅದು. ಸುನಾಮಿ ಅಪರೂಪ, ಸೆಳೆತ ದಿನನಿತ್ಯದ್ದು. ದಿನನಿತ್ಯದ್ದನ್ನು ಮಕ್ಕಳಿಗೆ ಕಲಿಸದೆ ಬಿಡುವುದು ಹೇಗೆ?

ಕೊನೆಯದಾಗಿ ತಮ್ಮ ವರದಿಗಾರರಿಗೆ ನನ್ನ ವಿನಂತಿ. ಇಂಥ ದುರಂತ ವರದಿ ಮಾಡುವಾಗ ಆ ತೀರದ ಮೀನುಗಾರರನ್ನೋ, ಪಾಳಿಯಲ್ಲಿದ್ದ ಲೈಫ್‌ಗಾರ್ಡ್‌ನನ್ನೋ ಒಂದು ನಿಮಿಷ ಮಾತಾಡಿಸಿ, ನೀರು ಹೇಗಿತ್ತು ಎಂದು ಕೇಳಿ ಎರಡು ಸಾಲು ಬರೆಯಿರಿ. ತೀರಿಕೊಂಡವರು ಕುಡಿದಿದ್ದರು, ಮಾತು ಕೇಳಲಿಲ್ಲ ಎಂದು ಯಾರೋ ಅಂದಿದ್ದನ್ನು ವಿಚಾರಿಸದೆ ಹಾಕಬೇಡಿ, ಮನೆಯವರು ಅದನ್ನು ಓದುತ್ತಾರೆ. ಬದುಕಿ ಬಂದವರಿದ್ದರೆ ಅವರು ಹೇಗೆ ತೇಲಿದರು, ದಡದವರು ಏನು ಎಸೆದರು ಎಂಬುದನ್ನು ತಪ್ಪದೆ ಬರೆಯಿರಿ. ಸೆಳೆತದ ಚಿತ್ರ ಹಾಕುವುದಾದರೆ, ನೊರೆಯ ನಡುವಿನ ಕಪ್ಪು ಪಟ್ಟಿಗೆ ಬಾಣದ ಗುರುತು ಹಾಕಿ, ಓದಲು ಬಾರದವರಿಗೂ ತಿಳಿಯುವಷ್ಟು ದೊಡ್ಡದಾಗಿ ಅಚ್ಚು ಮಾಡಿ. ಪರಿಶೀಲಿಸಿ ಕೊಡಲು ನನ್ನಂಥ ನಿವೃತ್ತರು ಎಲ್ಲ ತೀರಗಳಲ್ಲೂ ಇದ್ದೇವೆ, ಕರೆದರೆ ಬರುತ್ತೇವೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಲೈಫ್‌ಗಾರ್ಡ್